ವಾರಕ್ಕೊಮ್ಮೆ ಚಿತ್ರ, ಅರ್ಧ ಗಂಟೆ

ಟೈಲರಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕನ್ನಡಕವೂ ಅಲ್ಲೇ. ಎರಡೂ ಆಗಾಗ ಜಾರುತ್ತಿದ್ದವು. ಕನ್ನಡಕ ಬಟ್ಟೆಯ ಮೇಲೆ ಬೀಳುತ್ತಿತ್ತು, ಕೋಪ ಗಿರಾಕಿಗಳ ಮೇಲೆ. ಮೂವತ್ತೊಂದು ವರ್ಷ ಹೊಲಿಗೆ ಮಿಷನ್ ತುಳಿದ ಆಕೆಗೆ ಈಚೆಗೆ ಕುತ್ತಿಗೆ ನೋವು, ನಿದ್ದೆ ಇಲ್ಲ, ಬಿ.ಪಿ. ಬೇರೆ ಏರುತ್ತಲೇ ಇತ್ತು. ಅಂಚೆ ಕಚೇರಿಯಿಂದ ನಿವೃತ್ತನಾಗಿದ್ದ ಗಂಡ, ಮೆಟ್ಟಿಲ ಮೇಲೆ ಹೆಂಡತಿಯ ಹೆಜ್ಜೆ ಸದ್ದು ಕೇಳಿಯೇ ಆ ದಿನದ ಬಿ.ಪಿ. ಎಷ್ಟೆಂದು ಹೇಳಬಲ್ಲವನಾಗಿದ್ದ.

ಡಾಕ್ಟರಮ್ಮ ಮಾತ್ರೆ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದರು. ಔಷಧಿ ಅಂಗಡಿಯವನು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

“ಮಾತ್ರೆ ಇದೆ ಅಕ್ಕ. ಎರಡನೇದು ನಮ್ಮಲ್ಲಿ ಸಿಗಲ್ಲ.”

“ಯಾಕೆ, ಖಾಲಿಯಾಯ್ತಾ?”

“‘ಚಿತ್ರಶಾಲೆ, ವಾರಕ್ಕೊಮ್ಮೆ, ಅರ್ಧ ಗಂಟೆ’ ಅಂತ ಬರ್ದಿದ್ದಾರೆ.”

ಟೈಲರಮ್ಮ ಸೀದಾ ಡಾಕ್ಟರಮ್ಮನ ಬಳಿಗೇ ವಾಪಸ್ ಹೋದಳು. “ಊಟಕ್ಕೆ ಮುಂಚೆ ನೋಡ್ಬೇಕಾ, ಆಮೇಲಾ?”

“ಯಾವಾಗಾದ್ರೂ ನೋಡಿ,” ಎಂದರು ಡಾಕ್ಟರಮ್ಮ, ನಗದೆ. “ಚಿತ್ರದ ಮುಂದೆ ಕೂತ್ರೆ ಮನಸ್ಸು ಸ್ವಲ್ಪ ನಿಲ್ಲುತ್ತೆ. ಮಾತ್ರೆ ಮಾತ್ರ ಬಿಡ್ಬೇಡಿ.”

ಚಿತ್ರಶಾಲೆ ಬಸ್ ನಿಲ್ದಾಣದ ಹಿಂದಿನ ಹಳೇ ಕಟ್ಟಡದಲ್ಲಿತ್ತು. ಮೊದಲ ಬುಧವಾರ ಟೈಲರಮ್ಮ ನಲವತ್ತಮೂರು ಚಿತ್ರಗಳನ್ನು ಆರು ನಿಮಿಷದಲ್ಲಿ ಮುಗಿಸಿದಳು. ಬಾಗಿಲ ಬಳಿಯ ಕಾವಲುಗಾರ ಎದ್ದು ಬಂದ.

“ಯಾರನ್ನಾದ್ರೂ ಹುಡುಕ್ತಿದ್ದೀರಾ ಅಮ್ಮಾ?”

“ಇಲ್ಲಪ್ಪ, ಔಷಧಿ ತಗೋತಿದ್ದೀನಿ.”

“ಒಂದು ವಾರದ ಮಾತ್ರೆ ಒಂದೇ ಸಲ ನುಂಗಿದ ಹಾಗಾಯ್ತಲ್ಲ. ಒಂದರ ಮುಂದೆ ಕೂತ್ಕೊಳ್ಳಿ.”

ಕೂತಳು. ಎದುರಿಗೆ ಹಸಿರು ಗೌನು ತೊಟ್ಟ ಶ್ರೀಮಂತ ಹೆಂಗಸಿನ ಚಿತ್ರ. ಎಡ ಹೆಗಲಿನ ಹೊಲಿಗೆ ಕಿವಿಯತ್ತ ಏರಿಹೋಗಿತ್ತು, ತೋಳೆಲ್ಲ ಸುಕ್ಕು.

“ಯಾವ ಅಡ್ಡಕಸುಬಿ ಹೊಲ್ದಿದ್ದು ಇದು!” ಇಡೀ ಹಾಲ್ ಗುಂಯ್ ಎಂದಿತು.

“ಹೊಲ್ದಿದ್ದಲ್ಲಮ್ಮ, ಬಿಡಿಸಿದ್ದು.”

“ಬಿಡಿಸೋನಿಗೆ ಕಣ್ಣಿರ್ಲಿಲ್ವಾ?”

ಮನೆಗೆ ಬಂದು ಊಟ ಮುಗಿಯುವವರೆಗೂ ಅದೇ ತೋಳಿನ ಮಾತು. “ಈ ಔಷಧಿ ಉಲ್ಟಾ ಹೊಡೀತಿದೆ ಕಣೇ,” ಎಂದ ಗಂಡ ಮೆಲ್ಲಗೆ.

ಮುಂದಿನ ವಾರ ಆಕೆ ಅಳತೆ ಟೇಪು ಹಿಡಿದೇ ಹೋದಳು. ಮುಟ್ಟುವಂತಿಲ್ಲ ಎಂದು ಕಾವಲುಗಾರ ಅಡ್ಡ ನಿಂತ. ಸರಿ, ದೂರದಿಂದಲೇ ಒಂದು ಕಣ್ಣು ಮುಚ್ಚಿ, ಗಾಳಿಯಲ್ಲಿ ಟೇಪು ಎಳೆದು ಅಳೆದಳು. ಎಡದ ತೋಳು ಬಲದಷ್ಟೇ ಉದ್ದ. ಹೊಲಿಗೆಯೂ ನೇರ. ಹಾಗಾದರೆ ತಪ್ಪೆಲ್ಲಿ?

ಮೂರನೆಯ ವಾರ ಟೇಪನ್ನು ಚೀಲಕ್ಕೆ ಹಾಕಿ, ಸುಮ್ಮನೆ ನೋಡಿದಳು. ಆಗ ಹೆಂಗಸಿನ ಮುಖ ಕಂಡಿತು. ತುಟಿಯಲ್ಲಿ ನಗು, ಆದರೆ ಹಲ್ಲು ಕಚ್ಚಿಕೊಂಡಿದ್ದಾಳೆ. ಹೆಗಲನ್ನು ಅವಳೇ ಎತ್ತಿ ಬಿಗಿಹಿಡಿದಿದ್ದಾಳೆ.

“ಅಯ್ಯೋ, ಬಟ್ಟೆ ಸರಿಯಾಗೇ ಇದೆ. ಇವಳೇ ಸರಿಯಿಲ್ಲ! ಎಷ್ಟು ಹೊತ್ತು ಹೀಗೇ ಕೂರ್ಸಿದ್ರೋ, ಪಾಪ.”

ಹಾಗೆನ್ನುತ್ತಲೇ ಆಕೆಯ ಕೈ ತನ್ನ ಎಡ ಹೆಗಲಿಗೆ ಹೋಯಿತು. ಅದೂ ಕಿವಿಯ ಹತ್ತಿರವೇ ಇತ್ತು. ಎಷ್ಟು ವರ್ಷದಿಂದ ಇತ್ತೋ! ಮೆಲ್ಲಗೆ ಕೆಳಗಿಳಿಸಿದಳು. ‘ಕಟಕ್’ ಎಂದ ಸದ್ದು ಕಾವಲುಗಾರನಿಗೂ ಕೇಳಿಸಿ, ಅವನು ಕುರ್ಚಿ ಮುರಿಯಿತೆಂದು ಓಡಿಬಂದ. ಟೈಲರಮ್ಮನ ಕಣ್ಣಲ್ಲಿ ನೀರಿತ್ತು. “ಏನಿಲ್ಲಪ್ಪ, ಹಗುರಾಯ್ತು ಅಷ್ಟೇ,” ಎಂದಳು. ಅಂದು ಬಾಗಿಲು ಹಾಕುವವರೆಗೂ ಅಲ್ಲೇ ಕೂತಿದ್ದಳು.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಮಾತ್ರೆಯೂ ನಡೆಯಿತು, ಬುಧವಾರವೂ ನಡೆಯಿತು. ಮಿಷನ್ ತುಳಿಯುವಾಗ ನಡುನಡುವೆ ಹೆಗಲು ಇಳಿಸುವುದು ರೂಢಿಯಾಯಿತು, ನಿದ್ದೆ ಬಂತು. ಮೂರನೆಯ ತಿಂಗಳು ಬಿ.ಪಿ. ಎಷ್ಟು ಇಳಿದಿತ್ತೆಂದರೆ ಡಾಕ್ಟರಮ್ಮ ನಂಬದೆ ಇನ್ನೊಮ್ಮೆ ನೋಡಿದರು. ಕೋಪ ಪೂರಾ ಹೋಗಲಿಲ್ಲ; ಗಿರಾಕಿಗಳು ತಪ್ಪಿಸಿಕೊಳ್ಳುವಷ್ಟು ನಿಧಾನವಾಯಿತು.

ಬುಧವಾರ ಅಂಗಡಿ ಬಾಗಿಲಿಗೆ ‘ಔಷಧಿಗೆ ಹೋಗಿದ್ದೇನೆ’ ಎಂಬ ಚೀಟಿ ಅಂಟಿಸುತ್ತಿದ್ದಳು. ಹೊಲಿಯಲು ಕೊಟ್ಟ ಕೋಟು ಬೇಕೆಂದು ದಿನಾ ಪೀಡಿಸುತ್ತಿದ್ದ ಬ್ಯಾಂಕ್ ಮ್ಯಾನೇಜರು ಅದನ್ನೋದಿ ಗಾಬರಿಯಾಗಿ, ಸೇಬು ಹಿಡಿದು ಮನೆಗೇ ಬಂದರು. ಟೈಲರಮ್ಮ ಮುಂದಿನ ಬುಧವಾರ ಅವರನ್ನೂ ಎಳೆದೊಯ್ದು ಸಮುದ್ರದ ಚಿತ್ರದ ಮುಂದೆ ಕೂರಿಸಿದಳು.

“ಇದ್ರಲ್ಲೇನಿದೆ ಟೈಲರಮ್ಮ, ಬರೀ ನೀರು! ನನ್ನ ಕೋಟು…”

“ಸುಮ್ನೆ ನೋಡಿ ಸಾರ್. ಕೋಟು ಎಲ್ಲೂ ಓಡಿಹೋಗಲ್ಲ.”

ಹತ್ತು ನಿಮಿಷ ಮ್ಯಾನೇಜರ ಕಾಲು ಕುಣಿಯಿತು. ಆಮೇಲೆ ನಿಂತಿತು. ಇನ್ನೂ ಸ್ವಲ್ಪ ಹೊತ್ತಿಗೆ ಅವರು ಕತ್ತು ಓರೆ ಮಾಡಿ, “ಆ ಮೂಲೇಲಿರೋದು ದೋಣಿನಾ, ಹಕ್ಕಿನಾ?” ಎಂದು ಪಿಸುಗುಟ್ಟಿದರು.