ರತ್ನಮ್ಮನ ಮಡಚಿದ ಬೆರಳು

ಸುಟ್ಟುಕೊಂಡವರು ಹೆಂಗಸರು, ರೇಷ್ಮೆಯ ನುಣುಪಿಗೆ ಹೊಗಳಿಸಿಕೊಂಡವರು ಮಾಲೀಕರು. ಕಳೆದ ವರ್ಷ, ಗಂಡನ ವರ್ಗಾವಣೆಯಿಂದ ಧಾರವಾಡ ಬಿಟ್ಟು ಕೋಲಾರದ ಚಿನ್ನದ ಗಣಿಯೂರು ರಾಬರ್ಟ್‌ಸನ್‌ಪೇಟೆಗೆ ಬಂದ ನಾನು ಬಂಗಾರಪೇಟೆಯ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಘಟಕವೊಂದಕ್ಕೆ ಸೇರಿದೆ. ಕುದಿನೀರಿಗಿಳಿಯುತ್ತಿದ್ದ ಬರಿಗೈಗಳನ್ನು ಕಂಡು ಮೊದಲ ದಿನ ಬಾಗಿಲಲ್ಲೇ ನಿಂತುಬಿಟ್ಟೆ.

ಕೆಲಸವನ್ನು ಯಾರೂ ಹೇಳಿಕೊಡಲಿಲ್ಲ. ಹೆಂಗಸರ ಸಾಲಿನಲ್ಲಿ ತಮಿಳು, ತೆಲುಗು, ಕನ್ನಡ ಬೆರೆತು ಹರಿಯುತ್ತಿದ್ದವು. ನನ್ನ ಧಾರವಾಡದ ಮಾತಿಗೆ ನಗುವೇ ಉತ್ತರ. ಹಾಗಾಗಿ ಪಕ್ಕದಲ್ಲಿದ್ದ ಕಾಮಸಮುದ್ರದ ರತ್ನಮ್ಮನ ಕೈಗಳನ್ನೇ ನೋಡಿದೆ. ಬೆಂದ ಗೂಡಿನ ಎಳೆಯನ್ನು ಆಕೆ ಹಿಡಿದಂತೆ ಹಿಡಿದೆ. ಊಟಕ್ಕೂ ಅದೇ ಪಾಠ. ರೊಟ್ಟಿಯ ರೂಢಿಯಲ್ಲಿ ಮುದ್ದೆಯನ್ನು ಅಗಿಯುತ್ತಿದ್ದ ನನ್ನನ್ನು ಕಂಡು ಆಕೆ ನಕ್ಕಳು:

“ಅಯ್ಯೋ ಅಕ್ಕಾ, ಅಗೀಬೇಡಿ! ನನ್ನ ಗಂಟ್ಲು ನೋಡಿ, ಇಂಗೆ ನುಂಗಿ.”

ವಾರದೊಳಗೆ ಕಲಿತೆ, ಗೆಲುವೆಂದೇ ಊರಿಗೆ ಬರೆದೆ.

ತಿಂಗಳಾದ ಮೇಲೆ ಆಕೆಯೇ ಕೇಳಿದಳು: “ಉಂಗುರದ ಬೆರಳಿಗೆ ಏನಾಯ್ತಕ್ಕಾ?”

“ಏನೂ ಇಲ್ಲ. ನೀವು ಮಡಚ್ತೀರಲ್ಲಾ, ಹಂಗ ನಾನೂ ಮಡಚೀನಿ.”

ಆಕೆಯ ಮುಖ ಬಾಡಿತು. “ನಂದು ಸುಟ್ಟು ಮುರುಟ್ಕೊಂಡೈತೆ, ನೆಟ್ಟಗಾಗಲ್ಲ. ಅದನ್ನೂ ಕಲ್ತುಬಿಟ್ರಾ?”

ಎದ್ದು ಸಾಲನ್ನು ನೋಡಿದೆ. ಆಕೆಯ ನಂತರ ಸೇರಿದ ನಾಲ್ವರೂ ಅದೇ ಬೆರಳನ್ನು ಮಡಚಿ ದುಡಿಯುತ್ತಿದ್ದರು. ಸುಡುವಾಗ ಕೈ ಹಿಂದೆಗೆಯದಿರುವುದನ್ನೂ ನಾವು ಹೀಗೆಯೇ ಕಲಿತಿದ್ದೆವು: ಪಕ್ಕದವಳು ತೆಗೆಯಲಿಲ್ಲ, ಆದ್ದರಿಂದ ನಾನೂ ತೆಗೆಯಲಿಲ್ಲ.

ಮರುದಿನ ಬೋಗುಣಿಯಲ್ಲಿ ತಣ್ಣೀರು ತಂದು ಆಗಾಗ ಕೈ ಅದ್ದಿದೆ. ರತ್ನಮ್ಮ ನೋಡಿದಳು, ತಾನೂ ತಂದಳು. ವಾರದಲ್ಲಿ ಸಾಲಿನ ತುಂಬ ಬೋಗುಣಿಗಳು. ಮಾಲೀಕರು ಬೋಗುಣಿಗಳನ್ನು ಹೊರಗಿಡಿಸಿದರು. ಕೈ ನಿಧಾನವೆಂದು ರತ್ನಮ್ಮನನ್ನು ಮನೆಗೆ ಕಳಿಸಿದರು. ಆ ಕೈಯನ್ನು ನಿಧಾನವಾಗಿಸಿದ್ದು ಅವರದೇ ನೀರು. ಮೊದಲು ಬೋಗುಣಿ ತಂದ ನನ್ನನ್ನು ಬಿಟ್ಟು, ಸಂಬಳವಿಲ್ಲದಿದ್ದರೆ ಒಲೆ ಹೊತ್ತದ ಆಕೆಯನ್ನು ಆರಿಸಿದ್ದು ಇನ್ನೊಂದು ಅನ್ಯಾಯ.

ರಜೆಗೆ ಧಾರವಾಡಕ್ಕೆ ಹೋದಾಗ ರೊಟ್ಟಿ ಮುರಿಯುವ ಕೈಯಲ್ಲೂ ಆ ಬೆರಳು ತಾನಾಗಿ ಮಡಚಿಕೊಂಡಿತು. “ಬೆರಳಿಗೇನಾತವಾ?” ಎಂದಳು ಅವ್ವ. ಮಡಚಿದ ಬೆರಳಿನಲ್ಲೇ ಇನ್ನೊಂದು ತುಂಡು ಮುರಿದೆ. ನಾನೀಗ ಅಲ್ಲಿಯವಳಾಗಿ ಉಳಿದಿಲ್ಲ; ಪಕ್ಕದ ರತ್ನಮ್ಮನ ಜಾಗ ಖಾಲಿ ಇರುವಾಗ ಇಲ್ಲಿಯವಳೆನ್ನಲು ನಾಲಿಗೆ ಏಳದು.

ಮಾಲೀಕರೇ, ಬರುವ ಸೋಮವಾರ ಕೆಲಸ ಆರಂಭವಾಗುವ ಮುನ್ನ ಪ್ರತಿಯೊಬ್ಬಳ ಪಕ್ಕ ತಣ್ಣೀರಿನ ಬೋಗುಣಿ ಇಡಿಸಿ. ರತ್ನಮ್ಮನನ್ನು ಕರೆಸಿ, ಅದೇ ಜಾಗದಲ್ಲಿ, ಅದೇ ಸಂಬಳಕ್ಕೆ ಕೂರಿಸಿ. ಅಲ್ಲಿಯವರೆಗೆ ನನ್ನ ಕೈ ನಿಮ್ಮ ನೀರಿಗಿಳಿಯುವುದಿಲ್ಲ. ಸಾಲು ನನ್ನನ್ನು ನೋಡುತ್ತಿದೆ.