ಮಾವನ ಗೋಧಿ ಕಡ್ಡಿ

ಆಗ ನನಗೆ ಹತ್ತೊಂಬತ್ತು. ಅರವತ್ತು ವರ್ಷದ ಮೇಲಾಯಿತು. ಮೊನ್ನೆ ಮೊಮ್ಮಗಳು ಎಳನೀರಿಗೆ ಕಾಗದದ ಕೊಳವೆ ಹಾಕಿ ಕೊಟ್ಟಳು. ಅದು ತುಟಿಗೆ ತಾಕಿದ್ದೇ ಮಾವನ ನೆನಪು ಬಂತು... ನಗುವೂ ಬಂತು.

ಮಾವ ಹುಬ್ಬಳ್ಳಿ ಹತ್ತಿರದ ಸುಳ್ಳ ಅನ್ನುವ ಊರಿನ ರೈತ. ಒಮ್ಮೆ ಅವರಿಗೆ ಮೂತ್ರ ಕಟ್ಟಿತು. ಹುಬ್ಬಳ್ಳಿ ದವಾಖಾನೆಯಲ್ಲಿ ರಬ್ಬರ್ ನಳಿಗೆ ಹಾಕಿ ಇಳಿಸಿದರು. ಮತ್ತೆ ಕಟ್ಟಿದಾಗ ಅವರು ಹುಬ್ಬಳ್ಳಿಗೆ ಹೋಗಲಿಲ್ಲ. ಅಂಥ ನಳಿಗೆ ತಮ್ಮ ಹೊಲದಲ್ಲೇ ಬೆಳೆಯುತ್ತದಲ್ಲ ಅಂದುಕೊಂಡರು. ಪೊಳ್ಳು ಗೋಧಿ ಕಡ್ಡಿಗೆ ಎಣ್ಣೆ ಸವರಿ ಮೂತ್ರದ ದಾರಿಯಲ್ಲಿ ತಾವೇ ಏರಿಸಿಕೊಂಡರು. ಅದು ಒಳಗೇ ಮುರಿಯಿತು. ಕೊಟ್ಟಿಗೆ ಗುಡಿಸುವಾಗ ರಕ್ತ ಹತ್ತಿದ ಅರ್ಧ ಕಡ್ಡಿ, ಎಣ್ಣೆ ಬಟ್ಟಲು ನನಗೆ ಸಿಕ್ಕವು. ಗಂಡನಿಗೆ ತೋರಿಸಿದೆ.

"ಸುಮ್ಮಿರು. ಅಪ್ಪನ ಮರ್ಯಾದಿ ಹೋಗ್ತೈತಿ," ಅಂದ.

ಮೂತ್ರ ಹೇಗೋ ಹನಿಹನಿಯಾಗಿ ಇಳಿಯುತ್ತಿತ್ತು; ಹಾಗೇ ಸುಮಾರು ದಿನ ನೂಕಿದರು. ಆಮೇಲೆ ಜ್ವರ, ಮೂತ್ರದಲ್ಲಿ ಕೀವು, ರಕ್ತ. ಚಕ್ಕಡಿಯಲ್ಲಿ ಮಲಗಿಸಿಕೊಂಡು ಮತ್ತೆ ಅದೇ ದವಾಖಾನೆಗೆ ಹೋದೆವು.

ಡಾಕ್ಟರು ಎಕ್ಸ್‌ರೇ ತೆಗೆಸಿ ಕಿಟಕಿಯ ಬೆಳಕಿಗೆ ಹಿಡಿದರು. "ಇದರಾಗ ಏನೂ ಕಾಣವಲ್ದು. ಯಜಮಾನ್ರ, ನೀವ ಏನಾರ ಮಾಡ್ಕೊಂಡೀರೇನ್ರಿ?"

"ಇಲ್ರಿ," ಅಂದರು ಮಾವ. ಗಂಡ ನೆಲ ನೋಡಿದ.

"ಹಂಗಾರ ಔಷಧ ಕೊಟ್ಟು ನೋಡೂಣು," ಅಂತ ಡಾಕ್ಟರು ಹೊರಟೇಬಿಟ್ಟರು.

ನಮ್ಮಲ್ಲಿ ಸೊಸೆ ಮಾವನೆದುರು ಮಾತಾಡುವಂತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರು ನನ್ನ ದನಿಯನ್ನೇ ಕೇಳಿರಲಿಲ್ಲ. ಆದರೆ ಮರ್ಯಾದೆ ಉಳಿದು ಮಾವ ಹೋದರೆ ಏನು ಉಪಯೋಗ?

"ಒಳಗ ಗೋದಿ ಕಡ್ಡಿ ಐತ್ರಿ," ಅಂದೆ. "ಮುರದು ಉಳದೈತಿ. ಉಳಿದರ್ಧ ನಾ ಕಂಡೇನ್ರಿ."

ಡಾಕ್ಟರು ತಿರುಗಿ ಬಂದರು. ಮಾವ ಕಣ್ಣು ಮುಚ್ಚಿಕೊಂಡೇ ಮಗನನ್ನು ಕೇಳಿದರು: "ಇಕಿಗೆ ಬಾಯಿ ಐತೇನೋ?"

ಹೊಕ್ಕಳ ಕೆಳಗೆ ಕೊಯ್ದು, ಮೂತ್ರದ ಚೀಲ ತೆರೆದು ಕಡ್ಡಿ ತೆಗೆದರು. ಡಾಕ್ಟರು ತಟ್ಟೆ ಹಿಡಿದು ಹೊರಗೆ ಬಂದವರು ಮೊದಲು ನನ್ನನ್ನೇ ಕರೆದರು. ಬೆರಳುದ್ದದ ಕಡ್ಡಿ, ಮೈಗೆಲ್ಲ ತೆಳ್ಳಗೆ ಸುಣ್ಣ ಬಳಿದಂತೆ ಬೆಳ್ಳಗೆ. "ಉಳದಾರ ನೋಡವಾ," ಅಂದರು. ನಾನು ಅಲ್ಲೇ ಕುಣಿಯುವುದೊಂದು ಬಾಕಿ. ಸಂಜೆ ರಬ್ಬರ್ ನಳಿಗೆಯಿಂದ ಮಂಚದ ಕೆಳಗಿನ ಬಾಟಲಿಗೆ ಮೂತ್ರ ತೊಟತೊಟ ಇಳಿಯುತ್ತಿತ್ತು. ಒಲೆ ಮೇಲಿನ ಹಾಲು ಕಾಯುವ ಹಾಗೆ ಅದನ್ನೇ ನೋಡುತ್ತ ಕೂತೆ.

ಮಾವ ಮುಂದೆ ಬಹಳ ವರ್ಷ ಬದುಕಿದರು. ಹೊಲದ ಮಾತು, ದನದ ಮಾತು, ಎಲ್ಲ ನನ್ನನ್ನು ಕೇಳಿಯೇ... ಈಗ ಅವರಿಲ್ಲ, ಗಂಡನೂ ಇಲ್ಲ. ಆ ಮನೆಯಲ್ಲಿ ನನ್ನ ಬಾಯಿಗೆ ಸರಿಯಾಗಿ ಜವಾಬು ಕೊಡುತ್ತಿದ್ದವರು ಮಾವ ಒಬ್ಬರೇ. ಅಂಥವರು ಮತ್ತೆ ಸಿಗಲಿಲ್ಲ.

ಆಪರೇಷನ್ನಿನ ಮರುದಿನ ಬೆಳಿಗ್ಗೆ ಗಂಜಿ ಒಯ್ದೆ. ಗಂಡ ಬಾಗಿಲಲ್ಲೇ ನಿಂತ. ನಾನು ಮಂಚದ ಹತ್ತಿರ ಹೋಗಿ, ಮಾವನ ಮುಖ ನೋಡಿ ಕೇಳಿದೆ: "ಉಪ್ಪು ಹಾಕ್ಲೇನ್ರಿ, ಮಾವಾರ?"

"ಹಾಕವಾ," ಅಂದರು.

ಹಾಕಿದೆ.