ಡಾಕ್ಟರಕ್ಕನ ಅರ್ಧ ಚಮಚ

ಓದಿದ್ದು ನಾಲ್ಕನೇ ಕ್ಲಾಸು. ಆದರೂ ಸುತ್ತಮುತ್ತಲ ಕೋಳಿ ಶೆಡ್ಡಿನವರಿಗೆಲ್ಲ ಆಕೆ ಡಾಕ್ಟರಕ್ಕ. ಕೋಳಿ ತೂಕಡಿಸಲಿ, ಹಿಕ್ಕೆ ನೀರಾಗಲಿ, ಜನ ಮೊದಲು ಓಡಿಬರುತ್ತಿದ್ದುದು ಆಕೆಯ ಬಾಗಿಲಿಗೆ.

"ಔಷಧಿ ಪ್ಯಾಕೆಟ್ ಮೇಲೆ ಐದು ದಿನ ಹಾಕಿ ಅಂತ ಬರ್ದಿರ್ತಾರೆ. ಮಾರೋರಿಗೇನಂತೆ! ಎರಡು ದಿನ ಹಾಕಿ, ಕೋಳಿ ಮೇವು ಮುಟ್ತಾ, ನಿಲ್ಸಿ. ಮಿಕ್ಕಿದ್ದನ್ನ ಮುಂದಿನ ಮರಿಗಳಿಗೆ ಕಾಯಿಲೆ ಬರೋಕೆ ಮುಂಚೇನೇ ನೀರಲ್ಲಿ ಅರ್ಧರ್ಧ ಚಮಚ ಕೊಡಿ."

ಹನ್ನೆರಡು ವರ್ಷ ಆ ಮಾತೇ ವೇದವಾಕ್ಯ. ಆಕೆಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಬೇಕು?

ಈ ಸಲ ಆಕೆಯ ಸ್ವಂತ ಶೆಡ್ಡಿನಲ್ಲೇ ಔಷಧಿ ಕೈಕೊಟ್ಟಿತು. ಮೊದಲ ದಿನ ನಾಲ್ಕು ಕೋಳಿ ಸತ್ತವು, ಮರುದಿನ ಮೂವತ್ತು. ಪ್ಯಾಕೆಟ್ ಬದಲಿಸಿದಳು, ಮತ್ತೊಂದು ಬದಲಿಸಿದಳು, ಊಹೂಂ! ಕೊನೆಗೆ ಸತ್ತ ಎರಡು ಕೋಳಿಗಳನ್ನು ಚೀಲದಲ್ಲಿ ಕಟ್ಟಿಕೊಂಡು ಪಶು ಆಸ್ಪತ್ರೆಯ ಲ್ಯಾಬಿಗೆ ಹೋದಳು.

ಮೂರನೇ ದಿನ ಲ್ಯಾಬಿನ ಮೇಡಂ ಒಂದು ಗಾಜಿನ ತಟ್ಟೆ ತೋರಿಸಿದರು. ಮಸುಕು ಪದರದ ಮೇಲೆ ಆರು ಬಿಳಿ ಬಿಲ್ಲೆಗಳು.

"ಈ ಮಸುಕು ಇದ್ಯಲ್ಲ, ಅದೇ ನಿಮ್ಮ ಕೋಳಿ ಲಿವರಲ್ಲಿದ್ದ ಬ್ಯಾಕ್ಟೀರಿಯಾ. ಒಂದೊಂದು ಬಿಲ್ಲೇಲೂ ಒಂದೊಂದು ಔಷಧಿ. ಔಷಧಿ ಕೆಲಸ ಮಾಡಿದ್ರೆ ಸುತ್ತ ಖಾಲಿ ಆಗ್ಬೇಕಿತ್ತು."

ಖಾಲಿ ಉಂಗುರವಿದ್ದದ್ದು ಒಂದೇ ಒಂದರ ಸುತ್ತ.

"ಅದನ್ನೇ ಕೊಡಿ ಮತ್ತೆ!"

"ಅದು ಮನುಷ್ಯರಿಗೆ ಅಂತ ಎತ್ತಿಟ್ಟಿರೋದು, ಕೋಳಿಗೆ ಕೊಡೋ ಹಾಗಿಲ್ಲ. ಔಷಧೀನ ಅರ್ಧಕ್ಕೆ ನಿಲ್ಲಿಸ್ತಿದ್ರಾ? ಕಾಯಿಲೆ ಇಲ್ದೇನೂ ಚೂರುಚೂರು ಹಾಕ್ತಿದ್ರಾ? ಹಾಗೆ ಮಾಡಿದ್ರೆ ಔಷಧಿಗೆ ಬಗ್ಗದ ಗಟ್ಟಿ ಬ್ಯಾಕ್ಟೀರಿಯಾ ಉಳ್ಕೊಂಡು ಅವೇ ಬೆಳೀತವೆ. ಇದಂತೂ ಕರುಳಿಂದ ರಕ್ತಕ್ಕೇ ಇಳಿಯೋ ಜಾತಿ. ಶೆಡ್ ಖಾಲಿ ಮಾಡಿ ತೊಳೀರಿ. ಬೇರೆಯವರ ಶೆಡ್ಡಿಗೆ ಕಾಲಿಡಬೇಡಿ."

ಆಕೆಯ ಮುಖ ಸಪ್ಪಗಾಯಿತು. ತನ್ನ ಕೋಳಿ ಹೋದರೆ ಹೋಗಲಿ, ಈ ಪಾಠವನ್ನು ಎಷ್ಟು ಮನೆಗೆ ಹೇಳಿಕೊಟ್ಟಿದ್ದಾಳೆ! ಇನ್ನು ಯಾರಿಗೆ ಮುಖ ತೋರಿಸುವುದು? ನಾಚಿಕೆಯಿಂದ ಎರಡು ದಿನ ಮನೆಯಿಂದ ಹೊರಗೇ ಬರಲಿಲ್ಲ. ಮೂರನೇ ಬೆಳಿಗ್ಗೆ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಮೊದಲು ಸ್ವಂತ ತಂಗಿಯ ಶೆಡ್ಡಿಗೆ ನಡೆದು, ಗೇಟಿನ ಆಚೆಯೇ ನಿಂತು ಕರೆದಳು.

"ಅಲ್ಲೇ ಯಾಕೆ ನಿಂತೆ, ಒಳಗೆ ಬಾ ಅಕ್ಕಾ! ನಿನ್ನೆ ತಾನೇ ಮರಿ ಬಂದ್ವು. ನೋಡು, ನೀರಿಗೆ ಔಷಧೀನೂ ಹಾಕಿದೀನಿ."

"ಚೆಲ್ಲು ಅದನ್ನ."

"ಅಯ್ಯೋ, ನೀನೇ ಹೇಳ್ಕೊಟ್ಟಿದ್ದಲ್ವೇನೇ?"

"ಹೂಂ, ನಾನೇ. ಅದಕ್ಕೇ ಬೇರೆಯವರನ್ನ ಕಳಿಸ್ದೆ ನಾನೇ ಬಂದೆ. ತಪ್ಪು ಹೇಳ್ಕೊಟ್ಟೆ ಕಣೇ."

ತಂಗಿ ಅಕ್ಕನ ಮುಖವನ್ನೇ ನೋಡಿದಳು. ಆಮೇಲೆ ಔಷಧಿ ನೀರಿನ ಬಕೆಟ್ಟನ್ನು ಬೋರಲು ಹಾಕಿದಳು. ಡಾಕ್ಟರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದ ಗೇಟಿನ ಕಡೆ ಹೊರಟಳು.